ಮೂಲೆ ಮೇಡಂ ಈಗ ಮೂಲೆಯಲ್ಲಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುದ್ದಿವಾಹಿನಿಯ ಕಟ್ಟಡದ ಮೇಲಿನ ಮಹಡಿಯಲ್ಲಿ, ದಪ್ಪ ಬಾಗಿಲಿನ ಆಚೆಗೆ, ಒಂದು ಪುಟ್ಟ ಸ್ಟುಡಿಯೋ ಇದೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಹೊದಿಸಿದ್ದಾರೆ. ಒಳಗೆ ಕಾಲಿಟ್ಟರೆ ನಮ್ಮ ಹೆಜ್ಜೆಯ ಸದ್ದು ನಮ್ಮನ್ನು ಬಿಟ್ಟು ಹೊರಗೇ ನಿಂತುಬಿಡುತ್ತದೆ. ಉಸಿರು ಕೂಡ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತದೆ. ಕಿಟಕಿಯಿಲ್ಲ. ಹೊರಗೆ ಊರು ಏಳುತ್ತಿದೆ ಎನ್ನುವುದಕ್ಕೆ ಇಲ್ಲಿ ಯಾವ ಪುರಾವೆಯೂ ಇಲ್ಲ.

ನೀಲಿ ಪರದೆಯ ಮುಂದೆ, ದೀಪಗಳ ಕೆಳಗೆ, ಯುವತಿಯೊಬ್ಬರು ನಿಂತಿದ್ದಾರೆ. ಎದುರಿಗೆ ಕ್ಯಾಮೆರಾ. ಆ ಕ್ಯಾಮೆರಾದ ಕೆಳಗೆ, ಅದರ ಕಾಲುಗಳ ನಡುವೆಯೇ ಎನ್ನುವಷ್ಟು ಹತ್ತಿರ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿದ್ದಾರೆ. ಕಪ್ಪು ಅಂಗಿ, ಬಿಗಿಯಾಗಿ ಕಟ್ಟಿದ ನರೆಗೂದಲು, ಒಂದು ಕಿವಿಯಲ್ಲಿ ವೈರು. ಮೊದಲ ನೋಟಕ್ಕೆ ನಾನು ಅವರನ್ನು ಏನೋ ರಿಪೇರಿಗೆ ಬಂದವರು ಅಂದುಕೊಂಡೆ.

ಕೆಂಪು ದೀಪ ಹತ್ತುತ್ತದೆ. ಸ್ಟೂಲಿನ ಮೇಲಿದ್ದವರ ಕೈಗಳು ಏಳುತ್ತವೆ. ಎರಡು ಅಂಗೈಗಳು ಬಾಗಿಲಿನಂತೆ ಒಂದರ ಪಕ್ಕ ಒಂದು ನಿಂತು, ಮೆಲ್ಲಗೆ ಮೇಲೇಳುತ್ತವೆ. ಬೆರಳುಗಳು ಕೆಳಗಿಳಿದು ಮುಂದಕ್ಕೆ ಹರಿಯುತ್ತವೆ. ನಿಂತವರು ಅದನ್ನು ನೋಡುತ್ತಾರೆ, ಕಣ್ಣಲ್ಲೇ ಕುಡಿದಂತೆ. ಮರುಕ್ಷಣ ಅವರ ಕೈಯಲ್ಲೂ ನೀರು. ಆದರೆ ಈ ನೀರಿಗೆ ರಭಸ ಹೆಚ್ಚು, ಹುಬ್ಬುಗಂಟಿನಲ್ಲಿ ಎಚ್ಚರಿಕೆ, ಭುಜದಲ್ಲಿ ತಗ್ಗಿನ ಮನೆಗಳ ಭಯ. ಜಲಾಶಯದ ಬಾಗಿಲು ತೆರೆದಿದ್ದಾರೆ, ನದಿಯಂಚಿನವರು ಹುಷಾರು. ಆಮೇಲೆ ರೈಲು. ಆಮೇಲೆ ಶಾಲೆಯ ಫಲಿತಾಂಶ. ನೋಡುತ್ತ ನಿಂತರೆ ನಾವು ಎಚ್ಚರವಿದ್ದೇವೋ ಕನಸಿನಲ್ಲಿದ್ದೇವೋ ಎಂದು ಅನುಮಾನವಾಗುತ್ತದೆ. ಊರಿನ ಗಲಾಟೆಯೆಲ್ಲ ಈ ಕೋಣೆಯೊಳಗೆ ಬಂದು, ಒಬ್ಬರ ಬೆರಳಿಂದ ಇನ್ನೊಬ್ಬರ ಬೆರಳಿಗೆ ದಾಟಿ, ಸದ್ದಿಲ್ಲದೆ ಹೊರಗೆ ಹೋಗುತ್ತಿದೆ.

ಈ ವಾಹಿನಿಯ ಸಂಜ್ಞಾ ಭಾಷೆಯ ಸುದ್ದಿ ನೋಡುವ ಅಭ್ಯಾಸವಿದ್ದವರು ಒಂದು ಸಂಗತಿ ಗಮನಿಸಿರಬಹುದು. ನಿರೂಪಕಿಯ ನೋಟ ನೇರವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಒಂದು ಗೇಣು ಕೆಳಗಿರುತ್ತದೆ. ನಾಚಿಕೆ ಇರಬೇಕು ಎಂದು ನಮ್ಮ ಮನೆಯಲ್ಲಿ ಮಾತಾಡಿಕೊಂಡಿದ್ದೆವು. ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ. ಆ ಒಂದು ಗೇಣು ಕೆಳಗೆ ಈ ಸ್ಟೂಲಿದೆ, ಸ್ಟೂಲಿನ ಮೇಲೆ ಈ ಹೆಂಗಸಿದ್ದಾರೆ.

ಕಚೇರಿಯಲ್ಲಿ ಎಲ್ಲರೂ ಅವರನ್ನು ಮೂಲೆ ಮೇಡಂ ಎನ್ನುತ್ತಾರೆ. ಮೊದಲು ಟೀವಿ ಪರದೆಯ ಬಲಮೂಲೆಯ ಪುಟ್ಟ ಚೌಕದಲ್ಲಿ ನಿಂತು ಕೈಯಾಡಿಸುತ್ತಿದ್ದವರು ಅವರೇ. ಈಗ ಆ ಚೌಕ ಸಾಕಷ್ಟು ದೊಡ್ಡದಾಗಿದೆ, ಅದರಲ್ಲಿ ಬೇರೆಯವರಿದ್ದಾರೆ, ಹೆಸರು ಮಾತ್ರ ಇವರ ಬೆನ್ನಿಗೇ ಉಳಿದಿದೆ. ನಿಂತಿರುವ ಯುವತಿಗೂ ಒಂದು ಸಂಜ್ಞಾನಾಮವಿದೆ: ತೋರುಬೆರಳನ್ನು ಗಲ್ಲಕ್ಕೆ ಒತ್ತಿ ಸ್ವಲ್ಪ ತಿರುಗಿಸಿದರೆ ಅದು ಅವರು. ಗಲ್ಲದ ಗುಳಿ. ನಾವೂ ಅವರನ್ನು ಗುಳಿ ಎಂದೇ ಕರೆಯೋಣ. ಗುಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಪಕ್ಕದ ಸ್ಟುಡಿಯೋದಲ್ಲಿ ವಾಚಕರು ಸುದ್ದಿ ಓದುತ್ತಿದ್ದಂತೆ ಮೂಲೆ ಮೇಡಂ ಅದನ್ನು ಕಿವಿಯಲ್ಲಿ ಹಿಡಿದು ಕೈಯಲ್ಲಿ ಕೊಡುತ್ತಾರೆ. ಗುಳಿ ಅದನ್ನು ತೆಗೆದುಕೊಂಡು ತಮ್ಮ ಜನಕ್ಕೆ ತಮ್ಮ ರೀತಿಯಲ್ಲಿ ಹೇಳುತ್ತಾರೆ. ಇದಿಷ್ಟೇ ಕೆಲಸ. ಬೆಳಗ್ಗೆ ಒಂದು ವಾರ್ತೆ, ಮಧ್ಯಾಹ್ನ ಒಂದು, ಸಂಜೆ ಒಂದು. ಊರಿನಲ್ಲಿ ಏನಾದರೂ ಕೆಟ್ಟದ್ದಾದರೆ ಲೆಕ್ಕವಿಲ್ಲ.

ವಾರ್ತೆ ಮುಗಿದ ಮೇಲೆ ಮೂಲೆ ಮೇಡಂ ಬೆನ್ನು ನೆಟ್ಟಗೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಾರೆ. ಚಹಾದ ಲೋಟವನ್ನು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿದು ಕೂರುತ್ತಾರೆ. ಬಿಸಿ ಕೈಗೆ ಬೇಕು.

ಅವರ ಅಪ್ಪ ಅಮ್ಮ ಇಬ್ಬರೂ ಕಿವುಡರು. ಅಪ್ಪ ಬಡಗಿ, ಅವರು ತೀರಿಹೋಗಿ ಬಹಳ ಕಾಲವಾಯಿತು. ಅಮ್ಮ ಒಂದು ದೊಡ್ಡ ಮುದ್ರಣಾಲಯದಲ್ಲಿ ಕಾಗದ ಮಡಿಸುವ ವಿಭಾಗದಲ್ಲಿದ್ದರು. ಅಲ್ಲಿ ಯಂತ್ರಗಳು ಶುರುವಾದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಕಿವಿಯಿದ್ದವರು ಗಂಟಲು ಹರಿದುಕೊಂಡು ಸೋತು, ಕೊನೆಗೆ ಅಮ್ಮನ ಹತ್ತಿರ ಕೈಮಾತು ಕಲಿತರು.

"ಇಡೀ ಕಾರ್ಖಾನೇಲಿ ಅಮ್ಮನಷ್ಟು ಆರಾಮಾಗಿ ಹರಟೆ ಹೊಡೀತಿದ್ದೋರು ಬೇರೆ ಯಾರೂ ಇರ್ಲಿಲ್ಲ" ಎಂದು ಮೂಲೆ ಮೇಡಂ ನಗುತ್ತಾರೆ. "ನಾನು ಸಣ್ಣೋಳಿದ್ದಾಗ ದೊಡ್ಡೋರೆಲ್ಲ ಕೈಯಲ್ಲೇ ಮಾತಾಡ್ತಾರೆ ಅಂದ್ಕೊಂಡಿದ್ದೆ. ಬಾಯಲ್ಲಿ ಮಾತಾಡೋರು ಯಾರೋ ಅವಸರದಲ್ಲಿರೋರು ಅನ್ಸೋದು."

ಕಿವಿಯಿರುವ ಒಬ್ಬಳೇ ಮಗಳೆಂದರೆ ಮನೆಗೆ ಬಂದವರಿಗೆಲ್ಲ ಅವಳೇ ಬಾಗಿಲು. ವೈದ್ಯರ ಬಳಿ, ಅಂಗಡಿಯಲ್ಲಿ, ಮನೆ ಮಾಲೀಕರ ಮುಂದೆ, ಎಲ್ಲೆಲ್ಲೂ ಮಾತು ದಾಟಿಸುವುದು ಅವಳ ಪಾಲಿಗೆ. ಶಾಲೆಯಲ್ಲಿ ಒಮ್ಮೆ ಟೀಚರು ಅಮ್ಮನನ್ನು ಕರೆಸಿ, ನಿಮ್ಮ ಹುಡುಗಿ ತರಗತಿಯಲ್ಲಿ ಬಾಯಿ ಮುಚ್ಚುವುದೇ ಇಲ್ಲ, ನನ್ನ ತಲೆ ಕೆಟ್ಟುಹೋಗಿದೆ ಎಂದು ದೂರಿದರಂತೆ. ದೂರನ್ನು ಅಮ್ಮನಿಗೆ ದಾಟಿಸಬೇಕಾದವಳು ಅದೇ ಹುಡುಗಿ. ಮಗಳು ತುಂಬ ಚುರುಕು, ಚೆನ್ನಾಗಿ ಮಾತಾಡುತ್ತಾಳೆ ಎಂದು ಟೀಚರು ಹೇಳುತ್ತಿದ್ದಾರೆ ಎಂದುಬಿಟ್ಟಳು. ಅಮ್ಮ ಟೀಚರ ಮುಖ ನೋಡಿದರು, ಮಗಳ ಕೈ ನೋಡಿದರು, ಮತ್ತೆ ಟೀಚರ ಮುಖ ನೋಡಿದರು. ಮನೆಗೆ ಬಂದ ಮೇಲೆ ಆದದ್ದನ್ನು ಮೂಲೆ ಮೇಡಂ ವಿವರಿಸುವುದಿಲ್ಲ, ಕಿವಿಯನ್ನು ಮುಟ್ಟಿ ತೋರಿಸುತ್ತಾರೆ ಅಷ್ಟೇ. ಅವತ್ತು ಕಲಿತದ್ದು ಅವರಿಗೆ ಇವತ್ತಿಗೂ ಅನ್ನ ಹಾಕುತ್ತಿದೆ: ಯಾರ ಮಾತಿಗೂ ತನ್ನ ಕಡೆಯ ಉಪ್ಪುಖಾರ ಹಾಕಬಾರದು.

ಎಲ್ಲ ವಾಹಿನಿಗಳೂ ಸಂಜ್ಞಾ ಭಾಷೆಯಲ್ಲಿ ಸುದ್ದಿ ಕೊಡಬೇಕೆಂಬ ನಿಯಮ ಬಂದಾಗ ಈ ವಾಹಿನಿಯವರು ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ನಿಯಮದ ಬಾಯಿ ಮುಚ್ಚಿಸಲು ಬೇಕಾದಷ್ಟೇ ಜಾಗ ಕೊಟ್ಟರು. ಪರದೆಯ ಮೂಲೆಯ ಆ ಚೌಕದಲ್ಲಿ ಅವರು ಅಂಚೆಚೀಟಿಯಷ್ಟಿದ್ದರು. ಕೆಳಗೆ ಜಾಹೀರಾತಿನ ಪಟ್ಟಿ ಓಡತೊಡಗಿದರೆ ಅದು ಅವರ ಮಣಿಕಟ್ಟಿನ ಮೇಲೇ ಹಾದುಹೋಗುತ್ತಿತ್ತು. ಇವತ್ತು ನಿನ್ನ ಕೈ ಕತ್ತರಿಸಿದ್ದರು, ಅರ್ಧ ಸುದ್ದಿ ಸೋಪಿನ ಕೆಳಗೆ ಹೋಯಿತು ಎಂದು ಅಮ್ಮ ಮನೆಯಲ್ಲಿ ಹೇಳುತ್ತಿದ್ದರು. ಮೂಲೆ ಮೇಡಂ ಹೋಗಿ ಕೇಳಿದರೆ, ಸುದ್ದಿ ವಿಭಾಗದವರು ಅದನ್ನು ಯಾರು ನೋಡುತ್ತಾರೆ ಎಂದು ಮುಗುಳ್ನಗುತ್ತಿದ್ದರು. ಕೆಟ್ಟ ನಗುವಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ಯಾರು ನೋಡುತ್ತಾರೆ ಎನ್ನುವುದು ಗೊತ್ತಾದ ರೀತಿ ಸ್ವಾರಸ್ಯವಾಗಿದೆ. ಒಂದು ಮಧ್ಯಾಹ್ನ ಸ್ಟುಡಿಯೋಗೆ ಬರುವ ದಾರಿಯಲ್ಲಿ ಮೂಲೆ ಮೇಡಂ ಆಕಾಶ ಕಪ್ಪಾಗಿದ್ದನ್ನು ಕಂಡಿದ್ದರು. ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದ್ದು ವಾರ್ತೆಯ ನಡುವೆ ನೆನಪಾಯಿತು. ಕಚೇರಿಯಲ್ಲಿ ಕೈಮಾತು ಬಲ್ಲವರು ಒಬ್ಬರೂ ಇಲ್ಲ ಎಂಬ ಧೈರ್ಯದಲ್ಲಿ, ಹವಾಮಾನದ ಸುದ್ದಿಯ ಕೊನೆಗೆ, ಅಮ್ಮಾ ಮಳೆ ಬರ್ತಿದೆ, ಬಟ್ಟೆ ಒಳಗೆ ತಗೋ ಎಂದು ಕೈಯಾಡಿಸಿಬಿಟ್ಟರು. ಕಚೇರಿಯಲ್ಲಿ ಯಾರಿಗೂ ಸುಳಿವು ಹತ್ತಲಿಲ್ಲ. ಮಾರನೆಯ ದಿನ ಬೇಕರಿಯ ಕಿವುಡ ಭಟ್ಟಿಗಾರ ಬ್ರೆಡ್ಡು ಕೊಡುತ್ತ, ನಿಮ್ಮ ದಯೆಯಿಂದ ನನ್ನ ಬಟ್ಟೆಯೂ ಒದ್ದೆಯಾಗಲಿಲ್ಲ ಎಂದನಂತೆ. ಅದಾದ ಮೇಲೆ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಹೊಲಿಗೆ ಅಂಗಡಿಯಲ್ಲಿ ಅಪರಿಚಿತರು ಅವರನ್ನು ತಡೆದು ಬಟ್ಟೆ ಮಡಿಸುವ ಸನ್ನೆ ಮಾಡಿ ನಗತೊಡಗಿದರು. ಆ ಅಂಚೆಚೀಟಿಯಷ್ಟು ಜಾಗವನ್ನು ಊರಿಗೆ ಊರೇ ಕಣ್ಣು ಕಿರಿದು ಮಾಡಿ ನೋಡುತ್ತಿತ್ತು.

"ನನಗೆ ಖುಷಿಯಾಯ್ತು, ಜೊತೆಗೆ ಭಯಾನೂ ಆಯ್ತು" ಎನ್ನುತ್ತಾರೆ. "ಇಷ್ಟು ಜನ ನನ್ನೊಬ್ಬಳನ್ನೇ ನಂಬ್ಕೊಂಡಿದಾರಲ್ಲ ಅಂತ."

ಆ ಭಯ ನಿಜವಾದ ದಿನವನ್ನು ಅವರು ನಿಧಾನವಾಗಿ ಹೇಳುತ್ತಾರೆ, ಚಹಾದ ಲೋಟ ಕೆಳಗಿಟ್ಟು.

ಊರಿನ ಪೂರ್ವದಂಚಿನ ಶೀತಲ ಗೋದಾಮಿನಿಂದ ಒಂದು ಬೆಳಗ್ಗೆ ಅಮೋನಿಯಾ ಅನಿಲ ಸೋರಿತು. ಬಿಳಿಯ ಮಂಜಿನಂಥ ಮೋಡ ಬೀದಿಗಳ ಮೇಲೆ ತೆವಳತೊಡಗಿತು. ವಾಹಿನಿಯಲ್ಲಿ ನೇರಪ್ರಸಾರ ಶುರುವಾಯಿತು. ಕಿಟಕಿ ಬಾಗಿಲು ಮುಚ್ಚಿ, ಹೊರಗೆ ಬರಬೇಡಿ, ಒದ್ದೆ ಬಟ್ಟೆಯಿಂದ ಮೂಗು ಮುಚ್ಚಿಕೊಳ್ಳಿ ಎಂದು ವಾಚಕರು ಮತ್ತೆ ಮತ್ತೆ ಓದುತ್ತಿದ್ದರು. ಮೂಲೆ ಮೇಡಂ ಆ ಒಂದೊಂದು ಮಾತನ್ನೂ ಕೈಯಲ್ಲಿ ಹೇಳುತ್ತ ನಿಂತಿದ್ದರು. ತೋಳು ಸೋತರೂ ನಿಲ್ಲಿಸಲಿಲ್ಲ. ಅರ್ಧ ಗಂಟೆಯ ಮೇಲೆ ಬಿಡುವು ಸಿಕ್ಕಿ ಹೊರಗೆ ಬಂದು ಮೊಬೈಲು ನೋಡಿದರೆ ಅಮ್ಮನ ಸಂದೇಶವಿತ್ತು: ಯಾಕೆ ಹೋದೆ? ಏನಾಗಿದೆ ಅಲ್ಲಿ?

ಮೋಡದ ದೃಶ್ಯ ದೊಡ್ಡದಾಗಿ ಕಾಣಲಿ ಎಂದು ಮೂಲೆಯ ಚೌಕವನ್ನು ತೆಗೆದುಹಾಕಿದ್ದರು. ಮೊದಲ ಐದು ನಿಮಿಷದಲ್ಲೇ. ಆಮೇಲಿನ ಅಷ್ಟೂ ಹೊತ್ತು ಅವರು ಯಾರಿಗೂ ಕಾಣದೆ, ಖಾಲಿ ಕೋಣೆಗೆ ಸುದ್ದಿ ಹೇಳುತ್ತಿದ್ದರು. ಮನೆಮನೆಗೆ ಹೋಗುತ್ತಿರುವ ಚಿತ್ರವನ್ನು ತೋರಿಸುವ ಟೀವಿ ಅವರ ಪಕ್ಕದಲ್ಲೇ ಇತ್ತು. ನೋಡಲಿಲ್ಲ. ಗಮನವೆಲ್ಲ ಕಿವಿಯಲ್ಲಿತ್ತು.

ಗೋದಾಮಿನ ಹಿಂದಿನ ಬೀದಿಯಲ್ಲಿ ಒಂದು ಸಿದ್ಧ ಉಡುಪಿನ ಘಟಕ. ಅಲ್ಲಿ ದಾರ ಕತ್ತರಿಸುವ, ಗುಂಡಿ ಹಚ್ಚುವ ಸಾಲಿನಲ್ಲಿ ಕಿವುಡ ಹುಡುಗಿಯರೇ ಇದ್ದರು. ಅವತ್ತು ಅವಸರದ ಕೆಲಸವೆಂದು ಅವರ ಸಾಲನ್ನಷ್ಟೇ ಬೇಗ ಕರೆಸಿದ್ದರು. ಮೇಲ್ವಿಚಾರಕ ಬೀಗ ತೆಗೆದುಕೊಟ್ಟು ಎಲ್ಲಿಗೋ ಹೋಗಿದ್ದ. ಊಟದ ಕೋಣೆಯ ಟೀವಿಯಲ್ಲಿ ಹುಡುಗಿಯರು ಬಿಳಿ ಮೋಡವನ್ನು ಕಂಡರು. ಮೂಲೆ ಖಾಲಿಯಿತ್ತು. ಗಂಭೀರವಾದದ್ದಾಗಿದ್ದರೆ ಮೂಲೆಯವರು ಇರುತ್ತಿದ್ದರು, ಇಲ್ಲವೆಂದರೆ ಎಲ್ಲೋ ದೂರದ ಹಬೆಯಿರಬೇಕು ಎಂದುಕೊಂಡರು. ಬೀದಿಯಲ್ಲಿ ಧ್ವನಿವರ್ಧಕದ ಗಾಡಿ ಕೂಗುತ್ತ ಹಾದುಹೋದದ್ದು ಅವರಿಗೆ ತಿಳಿಯುವ ಬಗೆ ಹೇಗೆ? ನೋಡೋಣವೆಂದು ಎಲ್ಲರೂ ಮಾಳಿಗೆ ಹತ್ತಿದರು.

ಯಾರ ಜೀವವೂ ಹೋಗಲಿಲ್ಲ. ಆದರೆ ಒಬ್ಬಳಿಗೆ ಒಂದು ಕಣ್ಣಿನ ದೃಷ್ಟಿ ಇವತ್ತಿಗೂ ಮಸುಕು. ಅದೇ ಸಾಲಿನಲ್ಲಿದ್ದ ಗುಳಿಗೆ ಉಳಿದದ್ದು ಕೆಮ್ಮು, ಚಳಿಗಾಲದಲ್ಲಿ ಮರುಕಳಿಸುತ್ತದೆ.

ಆಸ್ಪತ್ರೆಗೆ ಮೂಲೆ ಮೇಡಂ ಅಮ್ಮನ ಜೊತೆ ಹೋದರು. ವಾರ್ಡಿನೊಳಗೆ ಕಾಲಿಟ್ಟಾಗ ಹಾಸಿಗೆಗಳಿಂದ ಒಬ್ಬೊಬ್ಬರಾಗಿ ಎದ್ದು ಕೂತರಂತೆ. ಯಾರೂ ಬಯ್ಯಲಿಲ್ಲ. ಬಾಗಿಲ ಹತ್ತಿರದ ಹಾಸಿಗೆಯಲ್ಲಿದ್ದ, ಗಲ್ಲದಲ್ಲಿ ಗುಳಿ ಬೀಳುವ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಅವತ್ತು ನೀವು ಏನು ಹೇಳುತ್ತಿದ್ದಿರಿ? ಮೂಲೆ ಮೇಡಂ ಹಾಸಿಗೆಗಳ ನಡುವೆ ನಿಂತು ಅಷ್ಟನ್ನೂ ಮತ್ತೆ ಹೇಳಿದರು. ಕಿಟಕಿ ಮುಚ್ಚಿ. ಹೊರಗೆ ಬರಬೇಡಿ. ಒದ್ದೆ ಬಟ್ಟೆ. ಕಣ್ಣಿಗೆ ಪಟ್ಟಿ ಕಟ್ಟಿದ್ದವಳ ಅಂಗೈಯಲ್ಲಿ ಪಕ್ಕದವಳು ಅದನ್ನು ಬರೆದು ತೋರಿಸುತ್ತಿದ್ದಳು.

ಆಮೇಲೆ ಗುಳಿ ಹೇಳಿದ ಮಾತನ್ನು ಮೂಲೆ ಮೇಡಂ ನನಗೆ ಕೈಯಲ್ಲೂ ತೋರಿಸಿ, ಬಾಯಲ್ಲೂ ಹೇಳುತ್ತಾರೆ: "ನಿಮ್ಮನ್ನ ತೆಗೆದುಹಾಕಿದ್ದು ನಿಮಗೆ ಗೊತ್ತಾಗಲಿಲ್ಲ, ಯಾಕಂದ್ರೆ ನೀವು ಕೇಳ್ತಾ ಇದ್ರಿ. ನಾನಾಗಿದ್ರೆ ನೋಡ್ತಾ ಇರ್ತಿದ್ದೆ."

ಪಕ್ಕದಲ್ಲಿದ್ದ ಅಮ್ಮ ತಲೆಯಾಡಿಸಿದರಂತೆ. ಎಷ್ಟೋ ಕಾಲದಿಂದ ಅಮ್ಮನಿಗೂ ಹೇಳಬೇಕೆನಿಸಿದ್ದ ಒಂದು ಮಾತಿತ್ತು, ಅದನ್ನು ಅವರು ವಾಪಸು ಬರುವ ಬಸ್ಸಿನಲ್ಲಿ ಹೇಳಿದರು. ನಿನ್ನ ಕೈ ಚೆನ್ನಾಗಿದೆ ಮಗಳೇ, ಆದರೆ ಮುಖ ಯಾವಾಗಲೂ ಬೇರೆ ಯಾರದೋ ಮಾತಿಗೆ ಕಿವಿಗೊಟ್ಟು ಕೂತಿರುತ್ತದೆ. ನಮ್ಮ ಮಾತಿನಲ್ಲಿ ಅರ್ಧ ಇರುವುದು ಮುಖದಲ್ಲಿ.

ಆ ಮಾತು ಚುಚ್ಚಿತೇ ಎಂದು ಕೇಳಿದರೆ ಮೂಲೆ ಮೇಡಂ ಕಣ್ಣು ತಪ್ಪಿಸುವುದಿಲ್ಲ. "ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರೀತು. ಹುಟ್ಟಿದಾಗಿನಿಂದ ಆಡ್ತಿರೋ ಭಾಷೆ ಅದು. ಆದ್ರೆ ಆ ಹುಡುಗಿ ಹಾಸಿಗೇಲಿ ಕೂತಲ್ಲೇ ಎರಡು ಮಾತಲ್ಲಿ ಹೇಳಿದ್ದು ನಾನು ಅರ್ಧ ಗಂಟೆ ಹೇಳಿದ್ದಕ್ಕಿಂತ ನೆಟ್ಟಗಿತ್ತು. ಅದು ನನಗೇ ಕಾಣಿಸ್ತಲ್ಲ."

ವಾಹಿನಿ ಸುಮ್ಮನೆ ಕೂರಲಿಲ್ಲ. ಚೌಕ ತೆಗೆದದ್ದರ ಬಗ್ಗೆ ತುಟಿ ಬಿಚ್ಚದಿದ್ದರೂ, ಮಾಳಿಗೆ ಹತ್ತಿದ ಹುಡುಗಿಯರ ಬಗ್ಗೆ ಮೂರು ದಿನ ವಿಶೇಷ ಕಾರ್ಯಕ್ರಮ ಮಾಡಿತು. ನಿಧಾನ ಸಂಗೀತ, ತುಂಬಿದ ಕಣ್ಣುಗಳ ಹತ್ತಿರದ ಚಿತ್ರ, ಮೌನದ ದುರಂತ ಎಂಬ ಶೀರ್ಷಿಕೆ. ನಾಲ್ಕನೆಯ ದಿನ ಯಾರದೋ ಮದುವೆ ಮುರಿದ ಸುದ್ದಿ ಬಂತು, ಹುಡುಗಿಯರು ಮಾಯವಾದರು. ಆ ವರ್ಷವೇ ಕಚೇರಿಯ ಲಿಫ್ಟಿನ ಪಕ್ಕದಲ್ಲಿ ಇಲ್ಲಿ ಎಲ್ಲರಿಗೂ ಜಾಗವಿದೆ ಎಂಬ ಹೊಸ ಬಣ್ಣದ ಭಿತ್ತಿಚಿತ್ರ ಬಂದಿತ್ತು. ಚಿತ್ರದಲ್ಲಿ ಗಾಲಿಕುರ್ಚಿಯವರು, ಬೇರೆ ಬೇರೆ ಮೈಬಣ್ಣದವರು, ಅಜ್ಜಿಯೊಬ್ಬರು ಒಟ್ಟಿಗೆ ನಗುತ್ತಿದ್ದರು. ಕಟ್ಟಡದ ಮುಂಬಾಗಿಲಿಗೆ ಮಾತ್ರ ಐದು ಮೆಟ್ಟಿಲಿದ್ದವು, ಗಾಲಿಕುರ್ಚಿ ಹತ್ತಲು ದಾರಿಯಿರಲಿಲ್ಲ.

ಮೂಲೆ ಮೇಡಂ ಪ್ರಧಾನ ಸಂಪಾದಕರ ಕೋಣೆಗೆ ಹೋದರು. ನನ್ನ ಜಾಗದಲ್ಲಿ ಕಿವುಡರೊಬ್ಬರು ನಿಲ್ಲಬೇಕು, ಗುಳಿ ಆಗಬಹುದು ಎಂದರು. ಸಂಪಾದಕರಿಗೆ ಮಾತು ರುಚಿಸಿತು. ಕಿವುಡರ ದಿನದಂದು ಆ ಹುಡುಗಿಯನ್ನೇ ಕರೆಸಿ ಒಂದು ವಾರ್ತೆ ಮಾಡಿಸೋಣ, ಒಳ್ಳೆಯ ಹೆಸರು ಬರುತ್ತದೆ ಎಂದರು. ಒಂದು ದಿನಕ್ಕೆ ಬೇಡ, ಎಲ್ಲರ ಹಾಗೆ ಕೆಲಸಕ್ಕೆ ಬರಲಿ ಎಂದು ಇವರು. ಕೇಳಿಸದವರು ಕೇಳಿದ್ದನ್ನು ಹೇಳುವುದು ಹೇಗೆ ಎಂದು ಅವರು. ನಾನು ಕೇಳಿ ಕೊಡುತ್ತೇನೆ ಎಂದು ಇವರು. ಹಾಗಾದರೆ ಕ್ಯಾಮೆರಾ ಮುಂದೆ ನೀವಿರುವುದಿಲ್ಲ, ದಾಖಲೆಯಲ್ಲಿ ನಿಮ್ಮನ್ನು ನಿರೂಪಕಿ ಎಂದು ತೋರಿಸಲಾಗುವುದಿಲ್ಲ, ತಾಂತ್ರಿಕ ಸಹಾಯಕಿ ಎಂದು ಹಾಕಬೇಕಾಗುತ್ತದೆ ಎಂದು ಸಂಪಾದಕರು ಎಚ್ಚರಿಸಿದರು. ಹಾಕಿ ಎಂದು ಇವರು ಎದ್ದು ಬಂದರು.

ಹೇಳಿ ಬಂದದ್ದು ಸುಲಭ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಅವತ್ತಿನ ವಾರ್ತೆಯನ್ನು ಮತ್ತೊಮ್ಮೆ ಪೂರ್ತಿ ಕೈಯಾಡಿಸಿ ನೋಡಿಕೊಂಡರಂತೆ. ಅವರ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋದ ಟೀವಿಯಲ್ಲಿ ಹೆಂಡತಿ ಕಂಡರೆ ಗ್ರೀಸು ಕೈಯಲ್ಲೇ ಎಲ್ಲರನ್ನೂ ಕರೆದು ತೋರಿಸುತ್ತಿದ್ದ ಮನುಷ್ಯ. ಸುದ್ದಿ ಕೇಳಿ, ಬಸ್ಸು ಓಡೋದು ಎಂಜಿನ್‌ನಿಂದ, ಜನ ನೋಡೋದು ಬಣ್ಣ, ಹೋಗ್ಲಿ ಬಿಡು ಎಂದರಂತೆ. ಆಮೇಲೆ ಇಬ್ಬರೂ ಅದಕ್ಕೆ ನಕ್ಕರು. ಎಂಜಿನ್‌ಗೆ ಹೋಲಿಸಿ ಹೊಗಳಿದ ಗಂಡ ಊರಲ್ಲಿ ಇವರೊಬ್ಬರೇ ಇರಬೇಕು.

ಗುಳಿಯ ಮೊದಲ ದಿನ. ದೀಪ ಬಿದ್ದ ಕೂಡಲೇ ಆಕೆ ಕಂಬದಂತೆ ನಿಂತುಬಿಟ್ಟರು. ಪ್ರಸಾರ ಶುರುವಾಗಲು ಇನ್ನು ಕ್ಷಣಗಳಷ್ಟೇ ಉಳಿದಿದ್ದವು. ನಿರ್ದೇಶಕರು ಗಾಜಿನಾಚೆ ತಲೆ ಮೇಲೆ ಕೈಹೊತ್ತು ಕೂತಿದ್ದರು. ಸ್ಟೂಲಿನಿಂದ ಮೂಲೆ ಮೇಡಂ ಒಂದು ಪ್ರಶ್ನೆ ಕೇಳಿದರು: ಮಾಳಿಗೆ ಮೇಲಿನ ಬಟ್ಟೆ ಒಳಗೆ ತಗೊಂಡ್ಯಾ? ಗುಳಿ ಕಿಸಕ್ಕನೆ ನಕ್ಕರು. ಆ ನಗುವಿನ ಬಾಲ ಹಿಡಿದುಕೊಂಡೇ ಮೊದಲ ಸುದ್ದಿ ಹೊರಬಂತು. ಆ ವಾರ್ತೆ ನೋಡಿದ ಬೇಕರಿಯ ಭಟ್ಟಿಗಾರ ತನ್ನ ಮಗಳನ್ನು ಟೀವಿಯ ಮುಂದೆ ಎತ್ತಿ ಹಿಡಿದು, ನೋಡು, ನಮ್ಮೋಳು ಎಂದು ತೋರಿಸಿದನಂತೆ. ಮೂಲೆ ಮೇಡಂ ಅವರನ್ನು ಅಲ್ಲಿಯವರೆಗೂ ಎಲ್ಲರೂ ಪ್ರೀತಿಸುತ್ತಿದ್ದರು, ನಂಬುತ್ತಿದ್ದರು. ನಮ್ಮೋಳು ಎಂದು ಯಾರೂ ಕರೆದಿರಲಿಲ್ಲ.

ಕಚೇರಿ ಒಂದೇ ದಿನಕ್ಕೆ ಬದಲಾಗಲಿಲ್ಲ. ಗುಳಿಯನ್ನು ಕರೆಯಲು ನಿರ್ದೇಶಕರು ಕೂಗುತ್ತಲೇ ಇದ್ದರು. ಕೊನೆಗೆ ಒಂದು ಹಳದಿ ದೀಪ ಹಾಕಿಸಿದರು, ಈಗ ಗುಂಡಿ ಒತ್ತುತ್ತಾರೆ. ಬೇಗ ಓದುವುದೇ ಪ್ರತಿಭೆ ಎಂದುಕೊಂಡಿದ್ದ ವಾಚಕರೊಬ್ಬರು ಉಸಿರು ತೆಗೆದುಕೊಂಡು ಓದಬೇಕಾಗಿ ಬಂದದ್ದಕ್ಕೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು. ಚಹಾ ಕೊಡುವವರು ಎಲ್ಲರಿಗಿಂತ ಮೊದಲು ಕಲಿತರು: ಸಕ್ಕರೆ ಬೇಕು, ಸಕ್ಕರೆ ಬೇಡ, ನಿನ್ನೆಯದೇ ಚಹಾ ಬಿಸಿ ಮಾಡಿದ್ದಾ? ಗುಳಿ ನಿರ್ದೇಶಕರಿಗೆ ಒಂದು ಸಂಜ್ಞಾನಾಮ ಕೊಟ್ಟರು. ಅಂಗೈಯನ್ನು ಹೊಟ್ಟೆಯ ಮುಂದೆ ದುಂಡಗೆ ಸುತ್ತುವುದು. ಸೂರ್ಯನಿರಬೇಕು, ನಾಯಕನೆಂಬ ಅರ್ಥವಿರಬೇಕು ಎಂದುಕೊಂಡು ಅವರು ಕೆಲಕಾಲ ತಾವೇ ಹೆಮ್ಮೆಯಿಂದ ಆ ಸನ್ನೆ ಮಾಡಿ ಪರಿಚಯಿಸಿಕೊಳ್ಳುತ್ತಿದ್ದರು. ಅರ್ಥ ತಿಳಿದ ಮೇಲೆ ಒಂದು ವಾರ ಊಟ ಕಡಿಮೆ ಮಾಡಿದರು. ಅನಿಲ ಸೋರಿದ ದಿನ ಮೇಲಿನವರ ಮಾತು ಕೇಳಿ ಚೌಕ ತೆಗೆದ ಕೈ ಅವರದೇ. ಆ ಗುಂಡಿಯ ಮೇಲೆ ಈಗ ಅವರೇ ಕೆಂಪು ಟೇಪು ಅಂಟಿಸಿದ್ದಾರೆ. ಅದರ ಮಾತು ತೆಗೆದರೆ ಈಗಲೂ ತಲೆ ತಗ್ಗಿಸುತ್ತಾರೆ.

ಗುಳಿಯ ಜೊತೆ ನನ್ನ ಮಾತುಕತೆ ಮೂಲೆ ಮೇಡಂ ಮೂಲಕವೇ ನಡೆಯಿತು. ನಮ್ಮ ಪತ್ರಿಕೆಯಲ್ಲಿ ಅವರನ್ನು ಏನೆಂದು ಬರೆಯಬೇಕು ಎಂದು ಕೇಳಿದೆ. ವಿಶೇಷ ಎಂಬ ಪದ ಈಗ ಚಾಲ್ತಿಯಲ್ಲಿದೆ. "ಕಿವುಡಿ ಅಂತಲೇ ಬರೀರಿ" ಎಂದರು. "ವಿಶೇಷ ಅಂದ್ರೆ ಅಂಗಡಿ ರಿಯಾಯಿತಿ ನೆನಪಾಗುತ್ತೆ."

ಮೊದಲೆಲ್ಲ ಸಂಜ್ಞಾ ವಾರ್ತೆಗೆ ಯಾವ ಸುದ್ದಿ ಹೋಗಬೇಕೆಂದು ಸುದ್ದಿ ವಿಭಾಗದವರೇ ಆರಿಸುತ್ತಿದ್ದರು: ಎಚ್ಚರಿಕೆ, ಆರೋಗ್ಯ, ಸರ್ಕಾರದ ಸವಲತ್ತು. ಕಿವುಡರಿಗೆ ಉಪಯೋಗವಾಗುವಂಥದ್ದು ಮಾತ್ರ. ಗುಳಿ ಬಂದ ಕೆಲವು ತಿಂಗಳಲ್ಲೇ ಇದಕ್ಕೆ ತಕರಾರು ಎತ್ತಿದರು. ನಮ್ಮನ್ನು ತೋರಿಸಿದರೆ ಅಯ್ಯೋ ಪಾಪ ಎಂದು ತೋರಿಸುತ್ತೀರಿ, ಇಲ್ಲವೇ ಆಹಾ ಧೀರೆ ಎಂದು. ನಮಗೆ ಹೇಳುವುದಾದರೆ ಔಷಧಿಯ ಹಾಗೆ ಹೇಳುತ್ತೀರಿ. ನಮಗೂ ಗಾಸಿಪ್ ಬೇಕು. ನಟನ ಮದುವೆ ಯಾಕೆ ಮುರಿಯಿತು, ಯಾವ ಮಂತ್ರಿ ಸಭೆಯಲ್ಲಿ ತೂಕಡಿಸಿದ, ಅದೂ ಬೇಕು. ಸುದ್ದಿ ಆರಿಸುವ ಬೆಳಗಿನ ಸಭೆಯಲ್ಲಿ ಈಗ ಗುಳಿಗೆ ಕುರ್ಚಿಯಿದೆ. ಪಕ್ಕದಲ್ಲಿ ಕೂತು ಅವರ ಮಾತಿಗೆ ಧ್ವನಿಯಾಗುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಉಡುಪಿನ ಘಟಕಗಳಲ್ಲಿ ಅಪಾಯದ ಗಂಟೆಯ ಜೊತೆ ದೀಪವೂ ಇರಬೇಕೆಂಬ ಸರಣಿ ವರದಿ ಹುಟ್ಟಿದ್ದು ಆ ಕುರ್ಚಿಯಿಂದ. ಯಾರೂ ಅಳದ, ಸಂಗೀತವಿಲ್ಲದ ವರದಿಗಳು. ಎರಡು ಘಟಕಗಳಲ್ಲಿ ದೀಪಗಳು ಬಂದಿವೆ, ಉಳಿದವರು ನೋಡೋಣ ಎಂದಿದ್ದಾರೆ. ತೂಕಡಿಸಿದ ಮಂತ್ರಿಯ ಸುದ್ದಿಯೂ ಅದೇ ವಾರ ಹೋಯಿತು. ಮೂಲೆ ಮೇಡಂ ಅವರ ತಾಯಿಗೆ ಹೆಚ್ಚು ಹಿಡಿಸಿದ್ದು ಎರಡನೆಯದು.

ನಾನು ಹೊರಡುವ ಹೊತ್ತಿಗೆ ಇಬ್ಬರೂ ಬಸ್ ನಿಲ್ದಾಣದವರೆಗೆ ಬಂದರು. ಬಿಸಿಲು ಈಗಷ್ಟೇ ಕಟ್ಟಡಗಳ ಹೆಗಲಿಂದ ಇಳಿದು ಬೀದಿಯ ಮೇಲೆ ಮೈಚಾಚುತ್ತಿತ್ತು. ಸ್ಟುಡಿಯೋದ ಸ್ಪಂಜಿನ ಮೌನ ಇನ್ನೂ ನನ್ನ ಕಿವಿಯಲ್ಲಿದ್ದುದರಿಂದ ವಾಹನಗಳೆಲ್ಲ ನೀರಿನಡಿ ಓಡುತ್ತಿರುವಂತೆ ಕಂಡವು. ಅಜ್ಜನ ಕೈ ಹಿಡಿದು ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಗುಳಿಯನ್ನು ಕಂಡು ಕಣ್ಣರಳಿಸಿದಳು. ಕಿವುಡ ಮಗು. ಎರಡೂ ಕೈಗಳಲ್ಲಿ ಅವಸರವಸರವಾಗಿ ಏನೇನೋ ಹೇಳಿತು, ಗುಳಿ ಕುಕ್ಕರುಗಾಲಿನಲ್ಲಿ ಕೂತು ಉತ್ತರಿಸಿದರು. ಆಮೇಲೆ ಮಗು ಮೂಲೆ ಮೇಡಂ ಕಡೆ ಬೆರಳು ತೋರಿಸಿ ಏನೋ ಕೇಳಿತು. ಗುಳಿ ಕೊಟ್ಟ ಉತ್ತರಕ್ಕೆ ಮಗು ಇವರನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿತು.

ಏನಂತೆ ಎಂದು ಕೇಳಿದೆ. ಮೂಲೆ ಮೇಡಂ ನಗು ತಡೆದುಕೊಂಡು ಹೇಳಿದರು: "ಇವರೂ ನಮ್ಮವರಾ ಅಂತ ಕೇಳ್ತು. ಇಲ್ಲ, ಪಾಪ, ಇವರಿಗೆ ಕಿವಿ ಕೇಳಿಸುತ್ತೆ, ಆದ್ರೂ ಒಳ್ಳೆಯವರು ಅಂದ್ಲು."

ಫೋಟೋ ತೆಗೆಯಲು ಮೂಲೆ ಮೇಡಂ ಒಪ್ಪಲಿಲ್ಲ. ತೆಗೆಯುವುದಾದರೆ ಗುಳಿಯದು ತೆಗೆಯಿರಿ, ಕೈ ಪೂರ್ತಿ ಬರಲಿ ಎಂದರು. ಗುಳಿಯ ಬಸ್ಸು ಬಂತು, ಹೋಯಿತು. ಕೊನೆಗೆ, ಇಂಥ ಬರಹಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ನಿಮಗೇನಾದರೂ ಆಸೆಯಿದೆಯೇ? ಅವರು ನಿಲ್ದಾಣದ ಬೆಂಚಿನ ಮೇಲೆ ಕೂತರು. ಬೆರಳುಗಳು ತಮ್ಮಷ್ಟಕ್ಕೆ ಮಡಿಲಲ್ಲಿ ಏನನ್ನೋ ಹೇಳಿಕೊಳ್ಳುತ್ತಿದ್ದವು. ತಮ್ಮ ಕೆಲಸಕ್ಕೆ ಇನ್ನೊಬ್ಬರನ್ನು ತಯಾರು ಮಾಡುತ್ತಿದ್ದಾರಂತೆ. ಗುಳಿಯ ಅತ್ತಿಗೆ, ಕಿವಿ ಕೇಳಿಸುವವರು, ಕೈ ಚುರುಕಾಗಿದೆ. ಅವರು ಪಳಗಿದ ಮೇಲೆ ಒಂದು ದಿನ ರಜೆ ಹಾಕಬೇಕಂತೆ.

"ಊರಿಗೆಲ್ಲ ಗುಳಿ ಹೊಸ ಸುದ್ದಿ ಹೇಳ್ತಾಳೆ. ನಂಗೆ ಮಾತ್ರ ಅವಳು ಹೇಳಿದ್ದೆಲ್ಲ ಹಳೇದು, ನಾನೇ ಕೊಟ್ಟಿದ್ದಲ್ವಾ. ಒಂದಿನ ಮನೇಲಿ ಕೂತು, ನಂಗೆ ಗೊತ್ತೇ ಇಲ್ಲದ ಸುದ್ದಿ ಅವಳ ಕೈಯಿಂದ ತಿಳ್ಕೋಬೇಕು."